ಭಾಷಾವಿಧಿಯ ಕುಸುರಿ

ಬೇಲೂರು ಹಳೇಬೀಡುಗಳ ಶಿಲ್ಪಿಗಳು ಕೈಗೆತ್ತಿಕೊಂಡ ಬಳಪದ ಕಲ್ಲು, ಗಣಿಯಿಂದ ಬಂದ ಹೊಸದರಲ್ಲಿ ಉಳಿಗೆ ಸುಲಭವಾಗಿ ಒಲಿದು, ಗಾಳಿ ಬಿಸಿಲುಗಳಿಗೆ ಮೈಯೊಡ್ಡಿದಂತೆಲ್ಲ ಗಟ್ಟಿಗೊಳ್ಳುವುದು. ಭಾರತ ಸಂವಿಧಾನದ 343ನೆಯ ವಿಧಿಯನ್ನು ಓದುವಾಗಲೆಲ್ಲ ನನಗೆ ಆ ಕಲ್ಲೇ ನೆನಪಾಗುತ್ತದೆ. ರಾಜಭಾಷೆಯ ಪ್ರಶ್ನೆಯಲ್ಲಿ ಸಂವಿಧಾನ ಸಭೆ ಎರಡಾಗಿ ಸೀಳುವಂತಿದ್ದಾಗ, ಕೆ. ಎಂ. ಮುನ್ಷಿಯವರೂ ಗೋಪಾಲಸ್ವಾಮಿ ಅಯ್ಯಂಗಾರರೂ ಹದಗೊಳಿಸಿದ ಸೂತ್ರವು 1949ರ ಸೆಪ್ಟೆಂಬರ್ 14ರಂದು ಅಂಗೀಕೃತವಾಯಿತು.

ಅದರ ಕುಸುರಿಯನ್ನು ಸಮೀಪದಿಂದಲೇ ನೋಡಬೇಕು. ನಾಗರೀ ಲಿಪಿಯ ಹಿಂದಿಗೆ ಮೊದಲ ವಾಕ್ಯದಲ್ಲಿಯೇ ಸ್ಥಾನವನ್ನಿತ್ತು, ಅದರ ಬೆನ್ನಿಗೇ ಅಂಕಿಗಳು ಮಾತ್ರ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪದಲ್ಲಿರತಕ್ಕದ್ದೆಂದು ವಿಧಿಸಿ, ದಕ್ಷಿಣದ ಸದಸ್ಯರು ಬಯಸಿದ 1, 2, 3ಗಳನ್ನು ಎದುರುಪಕ್ಷದ ಅಭಿಮಾನಕ್ಕೆ ಕುಂದು ಬಾರದ ಹಾಗೆ ಒಳಗೆ ಕರೆತಂದರು. ಅರಸೀಕೆರೆಯ ರೈಲ್ವೆ ಫಲಕದಲ್ಲಿ ಕನ್ನಡ, ಹಿಂದಿ, ಇಂಗ್ಲಿಷುಗಳು ಒಟ್ಟಿಗೆ ನಿಂತಿರುವುದನ್ನು ದಿನವೂ ನೋಡುವ ನಮ್ಮವರಿಗೆ ಈ ಜಾಣ್ಮೆಯ ಬೆಲೆ ಸಲೀಸಾಗಿ ತಿಳಿದೀತು. ಇಂಗ್ಲಿಷಿಗೆ 15 ವರ್ಷಗಳ ಅವಧಿಯನ್ನು ಕೊಟ್ಟರು. ಆ ಬಳಿಕವೂ ಸಂಸತ್ತು ಶಾಸನದ ಮೂಲಕ ಅದನ್ನು ಉಳಿಸಿಕೊಳ್ಳಬಹುದೆಂಬ ಮೂರನೆಯ ಖಂಡವನ್ನು ಸೇರಿಸಿದರು. ಈ ಖಂಡವೇ ನನ್ನ ದೃಷ್ಟಿಯಲ್ಲಿ ಪರಮ ಕೌಶಲ: 1963ರ ರಾಜಭಾಷಾ ಅಧಿನಿಯಮವು ಇದರ ಬಲದಿಂದಲೇ ಹುಟ್ಟಿ, 1965ರ ಆಚೆಗೂ ಇಂಗ್ಲಿಷಿನ ಬಳಕೆಗೆ ಎಡೆಮಾಡಿತು.