ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಹುಲ್ಲಿನ ಪಾಲು

ಹರಿಹರದಲ್ಲಿ ತುಂಗಭದ್ರೆ ದಾಟಿ, ಕುಮಾರಪಟ್ಟಣದ ಪಕ್ಕದಿಂದ ಹಳೆಯ ಪಿ.ಬಿ. ರೋಡು ಹಿಡಿದು ರಾಣೆಬೆನ್ನೂರಿಗೆ ಬಂದವರು ಅಲ್ಲಿಯ ಕೃಷ್ಣಮೃಗ ಅಭಯಾರಣ್ಯವನ್ನೂ ನೋಡಿ ಹೋಗುವುದುಂಟು. ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ನೀಲಗಿರಿಯ ಸಾಲು. ಕಾಡು ಚೆನ್ನಾಗಿ ಬೆಳೆದಿದೆ ಎಂದು ಮೆಚ್ಚುವವರೂ ಇದ್ದಾರೆ. ನನ್ನ ತಕರಾರು ಆ ಮೆಚ್ಚುಗೆಯ ಬಗ್ಗೆಯೇ.

1974ರಲ್ಲಿ 119 ಚದರ ಕಿಲೋಮೀಟರ್ ನೆಲವನ್ನು ಅಭಯಾರಣ್ಯವೆಂದು ಘೋಷಿಸಿದ್ದು ದೊಡ್ಡ ಕೆಲಸ. ನಮ್ಮ ಕಡೆ ಚಿಗರಿ ಎಂದು ಕರೆಯುವ ಕೃಷ್ಣಮೃಗ ಇಂದು ಇಲ್ಲಿ ಸಾವಿರಗಟ್ಟಲೆ ಇದೆ ಎಂದರೆ ಅದರ ಶ್ರೇಯಸ್ಸು ಈ ರಕ್ಷಣೆಗೆ ಸಲ್ಲಬೇಕು. ಆದರೆ ಚಿಗರಿ ಬಯಲಿನ ಪ್ರಾಣಿ. ಅದರ ಬದುಕು ನಿಂತಿರುವುದು ದೂರ ನೋಡುವ ಕಣ್ಣು, ಅಡ್ಡಿಯಿಲ್ಲದೆ ಓಡುವ ಕಾಲುಗಳ ಮೇಲೆ. ಹುಲ್ಲಿನ ತೆರಪಿನಲ್ಲಿ ಗಂಡು ಚಿಗರಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ತನ್ನ ಗಡಿ ಗುರುತಿಸಿಕೊಳ್ಳುತ್ತದೆ. ಒಣಗಿ ಬೆಳ್ಳಗಾದ ಹಿಕ್ಕೆಗಳ ಮೇಲೆ ಹೊಸ ಕರಿ ಹಿಕ್ಕೆ ಬಿದ್ದಿರುತ್ತದೆ. ಅಲ್ಲಿಂದ ನೀಲಗಿರಿಯ ಅಡಿಗೆ ಹೋದರೆ ಸಿಗುವುದು ತರಗೆಲೆ, ಸುಲಿದ ತೊಗಟೆ, ನಡುವೆ ಬೋಳು ನೆಲ. ಮೇಯಲು ಏನೂ ಸಿಗದ ಚಿಗರಿ ಪಕ್ಕದ ರೈತನ ಹೊಲಕ್ಕೆ ನುಗ್ಗಿದರೆ ತಪ್ಪು ಯಾರದು?

ಎರೆಭೂತ ಹಕ್ಕಿಯ ಪಾಡು ಇನ್ನೂ ಕಠಿಣ. ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಈ ಭಾರಿ ಹಕ್ಕಿಗೂ ಈ ಅಭಯಾರಣ್ಯ ಹೆಸರಾಗಿತ್ತು. ಈಗ ಅದು ಇಲ್ಲಿ ನೆನಪು ಮಾತ್ರ. ಬೇಟೆ, ವಿದ್ಯುತ್ ತಂತಿ, ಉಳುಮೆ ಎಲ್ಲವೂ ದೇಶದುದ್ದಕ್ಕೂ ಅದನ್ನು ಹಣಿದಿವೆ. ಎಲ್ಲ ಹೊಣೆಯನ್ನೂ ನೀಲಗಿರಿಯ ಮೇಲೆ ಹೊರಿಸಲಾರೆ. ಆದರೂ ಅದಕ್ಕೆ ಬೇಕಾದ ಬಯಲನ್ನು ಅಭಯಾರಣ್ಯದೊಳಗೇ ಮರದ ಸಾಲುಗಳಿಗೆ ಒಪ್ಪಿಸಿದ್ದನ್ನು ಹೇಗೆ ಸಮರ್ಥಿಸುವುದು?

ಹಳತನ್ನು ನಾವು ಗೌರವಿಸುವುದಿಲ್ಲ ಎಂದಲ್ಲ. ಇದೇ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮಠದ ಬಾವೊಬಾಬ್ ಮರಗಳಲ್ಲಿ ಒಂದು 2023ರ ಜುಲೈಯಲ್ಲಿ ಉರುಳಿದಾಗ, ಅದನ್ನು ಎತ್ತಿ ಮತ್ತೆ ನಿಲ್ಲಿಸಿದರು. ಮರದ ಮುಪ್ಪು ಕಾಂಡದಲ್ಲಿ ಕಾಣುತ್ತದೆ, ಜನ ಕೈ ಮುಗಿಯುತ್ತಾರೆ. ಹುಲ್ಲುಗಾವಲಿನ ಮುಪ್ಪು ಮಣ್ಣಿನಡಿ ಬೇರಿನಲ್ಲಿರುತ್ತದೆ. ಹಳೆಯ ಕಾಡು ಇರುವಂತೆ ಹಳೆಯ ಹುಲ್ಲುಗಾವಲೂ ಇದೆ, ಒಮ್ಮೆ ಕೆಡಿಸಿದರೆ ಅದು ಬೇಗ ಮರಳುವುದಿಲ್ಲ ಎಂದು ಜೋಸೆಫ್ ವೆಲ್ಡ್‌ಮನ್ ಮತ್ತು ಸಂಗಡಿಗರು 2015ರಲ್ಲಿ ವಿವರವಾಗಿ ವಾದಿಸಿದರು. ನಮ್ಮ ಕಡತಗಳಲ್ಲಿ ಇಂಥ ನೆಲಕ್ಕೆ ಇದ್ದ ಹೆಸರು ಪಾಳು, ಬಂಜರು.

ಈ ಎಣಿಕೆಯ ವಿರುದ್ಧ ಇದೇ ಸೀಮೆಯ ಜನ ಎದ್ದು ನಿಂತಿದ್ದರು. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಕಚ್ಚಾಮಾಲು ಬೆಳೆಯಲೆಂದು 1984ರಲ್ಲಿ ಸರ್ಕಾರದ ಪಾಲುಗಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿತು. ಸುಮಾರು 30,000 ಹೆಕ್ಟೇರ್ ಅದರ ಪಾಲಿಗೆ ಹೋಗುವುದಿತ್ತು. ಊರ ದನ, ಕುರಿ ಮೇಯುವ ನೆಲವೂ ಅದರಲ್ಲಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಕೋರ್ಟಿಗೆ ಹೋಯಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಚಳವಳಿ ಎಂದು ಅದು ಹೆಸರಾಯಿತು. 1991ರಲ್ಲಿ ಕಂಪನಿಯ ಕತೆ ಮುಗಿಯಿತು. ನೆಲ ಯಾವುದಕ್ಕೆ ಬಳಕೆಯಾಗಬೇಕು ಎಂದು ಆ ಜನ ಕೇಳಿದ ಪ್ರಶ್ನೆ ಅಭಯಾರಣ್ಯದ ಬೇಲಿಯೊಳಗೂ ಕೇಳಬೇಕಾದದ್ದು.

ಹಾಗಾಗಿ ಈ ಅಭಯಾರಣ್ಯವನ್ನು ಚಿಗರಿಯ ಲೆಕ್ಕವೊಂದರಿಂದಲೇ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಎಷ್ಟು ಎಕರೆ ಹುಲ್ಲು ಮರಳಿತು ಎಂಬ ಲೆಕ್ಕವೂ ಬೇಕು. ನೀಲಗಿರಿ ಕಡಿದರೆ ಸಾಲದು, ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ, ಬೊಡ್ಡೆಯನ್ನೂ ತೆಗೆಯಬೇಕು. ತೆರವಾದ ಜಾಗಕ್ಕೆ ಇನ್ನೊಂದು ಜಾತಿಯ ಸಸಿ ತರುವ ಆತುರ ಬೇಡ. ಸುತ್ತಲಿನ ನಾಡ ಹುಲ್ಲಿನ ಬೀಜ ಎರಚಿ, ಅದು ಬೇರೂರುವ ತನಕ ಕೆಲವು ಮಳೆಗಾಲ ಆ ನೆಲದ ತಂಟೆಗೆ ಹೋಗದಿದ್ದರಾಯಿತು.