ಒಂದು ಹೆಸರು, ಎರಡು ಸಾಲು: ಹಡಗಿನ ಹಾಜರಿ ಪುಸ್ತಕವನ್ನು ಶಾಸನದಂತೆ ಓದಿದರೆ

ಹೆಸರು ಸಿಕ್ಕಿತು ಅಂದಮಾತ್ರಕ್ಕೆ ವ್ಯಕ್ತಿ ಸಿಕ್ಕಿದ ಹಾಗಲ್ಲ. ಶಾಸನ ಓದುವವರು ಇದನ್ನು ಮೊದಲ ವರ್ಷವೇ ಕಲಿಯುತ್ತಾರೆ. ‘ವಿಕ್ರಮಾದಿತ್ಯ’ ಅಂತ ಕಲ್ಲಿನಲ್ಲಿ ಕಂಡ ಕೂಡಲೇ ಬಾದಾಮಿಯವನೋ ಕಲ್ಯಾಣದವನೋ ಅಂತ ತೀರ್ಮಾನ ಕೊಡುವುದಿಲ್ಲ. ಲಿಪಿ ನೋಡುತ್ತೇವೆ, ಬಿರುದು ನೋಡುತ್ತೇವೆ, ಶಕವರ್ಷಕ್ಕೆ ತಿಥಿ ವಾರ ಕೂಡುತ್ತದೆಯೇ ಅಂತ ಲೆಕ್ಕ ಹಾಕುತ್ತೇವೆ. ಆದರೆ ಇದೇ ಎಚ್ಚರಿಕೆ ಕಾಗದದ ದಾಖಲೆಗೆ ಬಂದಾಗ ಯಾಕೋ ಸಡಿಲವಾಗುತ್ತದೆ. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಬ್ರಿಟಿಷ್ ನೌಕಾದಳದ ಹಾಜರಿ ಪುಸ್ತಕಗಳೂ ಸೇವಾ ರಿಜಿಸ್ಟರುಗಳೂ ರಾಶಿ ರಾಶಿ ಇವೆ. ಅಜ್ಜ, ಮುತ್ತಜ್ಜ ಹಡಗಿನಲ್ಲಿದ್ದರಂತೆ ಎಂಬ ಮನೆಮಾತನ್ನು ಹಿಡಿದುಕೊಂಡು ಅಲ್ಲಿ ಹುಡುಕುವವರು ಬಹಳ. ಸೂಚಿಯಲ್ಲಿ ಹೆಸರು ಹೊಡೆದರೆ ಸಾಲು ಬರುತ್ತದೆ. ಬಂದ ಸಾಲನ್ನು ನಮ್ಮವರದ್ದೇ ಅಂದುಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು?

ಈ ಅವಸರ ಮನೆಯವರಿಗೆ ಮಾತ್ರ ಅಂಟಿದ್ದಲ್ಲ, ವಿದ್ವಾಂಸರನ್ನೂ ಬಿಟ್ಟಿಲ್ಲ. ‘ವಿಲಿಯಂ ಬ್ರೌನ್’ ಪ್ರಕರಣವನ್ನು ಸ್ವಲ್ಪ ಬಿಡಿಸಿ ನೋಡೋಣ.

1815ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ‘ಕ್ವೀನ್ ಷಾರ್ಲೆಟ್’ ಎಂಬ ದೊಡ್ಡ ಯುದ್ಧನೌಕೆಯ ನಾವಿಕರಲ್ಲಿ ಒಬ್ಬಳು ಕಪ್ಪು ಹೆಂಗಸು, ಗಂಡಸಿನ ವೇಷದಲ್ಲಿ, ವಿಲಿಯಂ ಬ್ರೌನ್ ಎಂಬ ಹೆಸರಿನಲ್ಲಿ ಹನ್ನೊಂದು ವರ್ಷಕ್ಕೂ ಮೇಲ್ಪಟ್ಟು ನೌಕಾದಳದಲ್ಲಿ ದುಡಿದಿದ್ದಳು. ವಯಸ್ಸು ಸುಮಾರು 26. ಗಂಡನ ಜೊತೆ ಜಗಳವಾಡಿ ಮನೆ ಬಿಟ್ಟು ಹಡಗು ಹತ್ತಿದವಳು. ಹಡಗಿನ ಮುಂದಿನ ಕೂವೆಕಂಬದ ತಂಡಕ್ಕೆ ಮುಖ್ಯಸ್ಥಳಾಗಿದ್ದಳು ಎಂದು ಸುದ್ದಿಯ ಸಾರಾಂಶ. ಕೂವೆಕಂಬದ ತಂಡದ ಮುಖ್ಯಸ್ಥ ಅಂದರೆ ಸಾಮಾನ್ಯ ಕೆಲಸವಲ್ಲ. ಗಾಳಿಯಲ್ಲಿ ತೂಗಾಡುವ ಅಷ್ಟೆತ್ತರದಲ್ಲಿ ನಿಂತು ಹಾಯಿ ಬಿಚ್ಚುವವರಿಗೆ, ಮಡಚುವವರಿಗೆ ಅಪ್ಪಣೆ ಕೊಡುವ ಜಾಗ ಅದು. ನುರಿತ ನಾವಿಕರಿಗೆ ಮಾತ್ರ ಸಿಗುತ್ತಿತ್ತು.

1996ರಲ್ಲಿ ಸುಜಾನ್ ಸ್ಟಾರ್ಕ್ ಅವರು ಹಾಯಿಹಡಗುಗಳ ಕಾಲದ ಹೆಂಗಸರನ್ನು ಕುರಿತ ‘ಫೀಮೇಲ್ ಟಾರ್ಸ್’ ಪುಸ್ತಕದಲ್ಲಿ ಈ ಸುದ್ದಿಯನ್ನು ಹಡಗಿನ ಹಾಜರಿ ಪುಸ್ತಕದ ಜೊತೆ ಇಟ್ಟು ನೋಡಿದರು. 1815ರ ಡಿಸೆಂಬರ್ 31ಕ್ಕೆ ಕ್ವೀನ್ ಷಾರ್ಲೆಟ್ ಸೇರಿದ ಒಬ್ಬ ವಿಲಿಯಂ ಬ್ರೌನ್ ಅಲ್ಲಿ ಸಿಕ್ಕ. ನುರಿತ ನಾವಿಕನ ದರ್ಜೆ, ಊರು ಎಡಿನ್‌ಬರೋ, ವಯಸ್ಸು 32. ಮುಂದೆ 1816ರಲ್ಲಿ ‘ಬಾಂಬೆ’ ಎಂಬ ಹಡಗಿಗೆ ವರ್ಗ. ಹೆಣ್ಣೆಂದು ಗೊತ್ತಾದ ಮೇಲೂ ಅವಳನ್ನು ಮತ್ತೆ ಸೇರಿಸಿಕೊಂಡರು, ಅವಳ ಸೇವೆ ಹನ್ನೆರಡು ವರ್ಷಕ್ಕೂ ಮೀರಿತು ಎಂಬ ಚಿತ್ರ ಹೀಗೆ ನಿಂತಿತು. ಆಮೇಲೆ ಎಷ್ಟು ಕಡೆ ಇದು ಮರುಮುದ್ರಣವಾಯಿತೋ ಲೆಕ್ಕವಿಲ್ಲ.

ಈಗ ಅದೇ ಹಡಗಿನ ಕೆಲವು ತಿಂಗಳ ಹಿಂದಿನ ಪುಟಕ್ಕೆ ಬನ್ನಿ. ಅಲ್ಲಿ ಇನ್ನೊಬ್ಬ ವಿಲಿಯಂ ಬ್ರೌನ್ ಇದ್ದಾನೆ. ಹುಟ್ಟೂರು ವೆಸ್ಟ್ ಇಂಡೀಸಿನ ಗ್ರೆನಡಾ, ವಯಸ್ಸು 21, ದರ್ಜೆ ‘ಲ್ಯಾಂಡ್ಸ್‌ಮನ್’, ಸೇರಿದ್ದು 1815ರ ಮೇ 23, ಬಿಡುಗಡೆ ಜೂನ್ 19. ಬಿಡುಗಡೆಯ ಕಾರಣ: ಹೆಂಗಸಾಗಿರುವುದರಿಂದ.

ಇದಕ್ಕಿಂತ ಸ್ಪಷ್ಟ ಪಾಠ ಬೇಕೇ? ಹೆಣ್ಣು ಎಂದು ದಾಖಲೆಯೇ ಹೇಳುವ ಸಾಲು ಇದೊಂದೇ. ಎಡಿನ್‌ಬರೋದ ಬ್ರೌನ್ ಹೆಂಗಸು ಎನ್ನುವುದಕ್ಕೆ ಹಾಜರಿ ಪುಸ್ತಕದಲ್ಲಿ ಒಂದು ಅಕ್ಷರವೂ ಇಲ್ಲ. ಅವನು ಪಾಪ ತನ್ನ ಪಾಡಿಗೆ ಹಡಗಿನಲ್ಲಿ ಕೆಲಸ ಮಾಡಿಕೊಂಡಿದ್ದ ಗಂಡಸು. ವಿಲಿಯಂ ಎಂಬುದೂ ಬ್ರೌನ್ ಎಂಬುದೂ ಇಂಗ್ಲಿಷರಲ್ಲಿ ಮೂರು ಕಾಸಿಗೆ ನಾಲ್ಕರಂತೆ ಸಿಗುವ ಹೆಸರುಗಳು.

ಸರಿ, ಎಡಿನ್‌ಬರೋದವನನ್ನು ಬಿಟ್ಟುಬಿಡೋಣ. ಪತ್ರಿಕೆ ಹೇಳಿದ ಹನ್ನೊಂದು ವರ್ಷ ಉಳಿಯುತ್ತದೆಯೇ? ಇಲ್ಲಿ ದಾಖಲೆಯ ಒಳಗಿನಿಂದಲೇ ತೂಗಬಹುದು. ಲ್ಯಾಂಡ್ಸ್‌ಮನ್ ಅಂದರೆ ಸಮುದ್ರದ ಕೆಲಸ ಗೊತ್ತಿಲ್ಲದೆ ಹೊಸದಾಗಿ ಬಂದವನು. ವಯಸ್ಕ ನಾವಿಕರಲ್ಲಿ ಎಲ್ಲರಿಗಿಂತ ಕೆಳಗಿನ ದರ್ಜೆ. ಹನ್ನೊಂದು ವರ್ಷ ಹಾಯಿ ಹತ್ತಿಳಿದವಳನ್ನು ಆ ದರ್ಜೆಯಲ್ಲಿ ಬರೆಯುವುದು ಕಷ್ಟ. ವಯಸ್ಸಿನ ಲೆಕ್ಕವೂ ಕೂಡುವುದಿಲ್ಲ. 21ರಲ್ಲಿ 11 ಕಳೆದರೆ 10. ಹತ್ತು ವರ್ಷದ ಹುಡುಗಿ ಗಂಡನ ಜೊತೆ ಜಗಳವಾಡಿ ಹಡಗು ಹತ್ತಿದಳು ಅನ್ನಬೇಕಾಗುತ್ತದೆ. ಪತ್ರಿಕೆಯ 26 ಹಿಡಿದರೂ ಹದಿನೈದು. ಇನ್ನು, ಜೂನ್ 19ಕ್ಕೇ ಇಳಿಸಿದವಳ ಕತೆ ಸೆಪ್ಟೆಂಬರಿನಲ್ಲಿ, ಹಡಗಿನವರಿಗೆಲ್ಲ ಸಂಬಳ ಕೊಟ್ಟು ಕಳಿಸಿದ ಸಂದರ್ಭಕ್ಕೆ ಅಂಟಿಕೊಂಡು ಬರುತ್ತದೆ. ಮೂರು ತಿಂಗಳಲ್ಲಿ ಬಾಯಿಂದ ಬಾಯಿಗೆ ಏನೇನು ಕೂಡಿಕೊಂಡಿತೋ. ನಮ್ಮ ಶಾಸನಗಳ ಪ್ರಶಸ್ತಿ ಭಾಗಕ್ಕೂ ದತ್ತಿ ಭಾಗಕ್ಕೂ ಇರುವ ವ್ಯತ್ಯಾಸವೇ ಇದು. ಪತ್ರಿಕೆ ಪ್ರಶಸ್ತಿ. ಹಾಜರಿ ಪುಸ್ತಕ ಗದ್ದೆಯ ಎಲ್ಲೆ ಹೇಳುವ ಸಾಲು: ಕಾವ್ಯವಿಲ್ಲ, ಆದರೆ ಸಂಬಳ, ಊಟದ ಲೆಕ್ಕ ಅದರ ಮೇಲೆ ನಿಂತಿದೆ.

ಸ್ಟಾರ್ಕ್ ಅವರನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಅದೇ ಪುಸ್ತಕದಲ್ಲಿ ಅವರು ಮೇರಿ ಆ್ಯನ್ ಟಾಲ್ಬಟ್ ಎಂಬಾಕೆಯ ಪ್ರಸಿದ್ಧ ಆತ್ಮಕಥೆಯನ್ನು ಹಡಗಿನ ಇಂಥವೇ ದಾಖಲೆಗಳ ಎದುರು ಹಿಡಿದು, ಅದು ಕಟ್ಟುಕತೆ ಎಂದು ತೋರಿಸಿದ್ದಾರೆ. ಅದು ಒಳ್ಳೆಯ ಕೆಲಸ. ನನ್ನ ತಕರಾರು ಇಷ್ಟೇ: ಟಾಲ್ಬಟ್ ಕತೆಯನ್ನು ಕೆಡವುವಾಗ ಹಿಡಿದ ತಕ್ಕಡಿಯನ್ನು ಬ್ರೌನ್ ಕತೆಯನ್ನು ಕಟ್ಟುವಾಗ ಕೆಳಗಿಟ್ಟರು. ಹುಟ್ಟೂರಿನ ಅಂಕಣದಲ್ಲಿ ಎಡಿನ್‌ಬರೋ ಎಂದಿದ್ದಾಗ, ವಯಸ್ಸು ಆರು ವರ್ಷ ಹೆಚ್ಚಿದ್ದಾಗ, ಅಲ್ಲೇ ನಿಲ್ಲಬೇಕಿತ್ತು. ಹುಟ್ಟೂರು, ವಯಸ್ಸು ಎಂಬ ಈ ಎರಡು ಅಂಕಣಗಳನ್ನು 1764ರಿಂದ ಹಾಜರಿ ಪುಸ್ತಕದಲ್ಲಿ ಸೇರಿಸಿದ್ದು ಒಬ್ಬನನ್ನು ಇನ್ನೊಬ್ಬನಿಂದ ಗುರುತಿಸಲಿಕ್ಕೆ ತಾನೇ?

ಆದರೆ ಈಚೆಗೆ ಇದಕ್ಕೆ ಎದುರಿನ ಅತಿಯೂ ಶುರುವಾಗಿದೆ. ‘ನಾಲ್ಕು ವಾರ ಕೂಡ ಇರಲಿಲ್ಲ, ಅವಳೇನು ನಾವಿಕಳು’ ಅಂತ ಕೈಝಾಡಿಸುವವರು. ಇದು ನನಗೆ ಇನ್ನೂ ಬೇಸರದ ಓದು. ಒಂದು ಹಡಗಿನ ಪುಸ್ತಕ ಆ ಹಡಗಿನ ಮಾತನ್ನಷ್ಟೇ ಹೇಳುತ್ತದೆ. ಗ್ರೆನಡಾದಲ್ಲಿ ಹುಟ್ಟಿದ ಒಬ್ಬ ಹೆಂಗಸು ಇಂಗ್ಲೆಂಡಿನ ಮೊದಲ ದರ್ಜೆಯ ಯುದ್ಧನೌಕೆಗೆ ಬೇರೆ ಹೆಸರಿನಲ್ಲಿ ಹೆಸರು ಹಚ್ಚಿಸಿದಳು, ನೂರಾರು ಗಂಡಸರ ನಡುವೆ ತೂಗುಮಂಚ ಕಟ್ಟಿಕೊಂಡು ಅಷ್ಟು ದಿನ ಕಳೆದಳು. ಇಷ್ಟನ್ನು ದಾಖಲೆ ಕೊಡುತ್ತದೆ, ಇದರ ಮೇಲೆ ಯಾವ ಅನುಮಾನವೂ ಇಲ್ಲ. ಹನ್ನೊಂದು ವರ್ಷದ ದಂತಕಥೆಗಿಂತ ಈ ಇಪ್ಪತ್ತೇಳು ದಿನ ನನಗೆ ಹೆಚ್ಚು ಬೆಲೆಯದ್ದು.

ಮನೆತನದ ಹಿರಿಯರನ್ನು ಹುಡುಕುವವರಿಗೆ ಮುಂದಿನ ಕಾಲದ ದಾಖಲೆ ಸ್ವಲ್ಪ ಸಲೀಸು. 1853ರ ನಂತರ ಒಂದೇ ಹಡಗಿಗೆ ಅಲ್ಲದೆ ಸತತ ಸೇವೆಗೆ ಸೇರುವ ಪದ್ಧತಿ ಬಂತು, ಪ್ರತಿಯೊಬ್ಬನಿಗೂ ಒಂದು ನಂಬರು ಅಂಟಿತು. 1873ರಿಂದ ಶುರುವಾಗುವ ‘ಎಡಿಎಂ 188’ ಸರಣಿಯ ರಿಜಿಸ್ಟರುಗಳಲ್ಲಿ ಒಬ್ಬನ ಇಡೀ ಸೇವೆ ಹೆಚ್ಚುಕಡಿಮೆ ಒಂದೇ ಪುಟಕ್ಕೆ ಬರುತ್ತದೆ: ಎತ್ತರ, ಕಣ್ಣಿನ ಬಣ್ಣ, ಹಚ್ಚೆ, ನಡತೆ, ಹತ್ತಿದ ಹಡಗುಗಳು. ಜಟ್‌ಲೆಂಡ್ ಕಾಳಗದಲ್ಲಿ ಗಾಯಗೊಂಡು 1916ರ ಜೂನ್ 2ರಂದು ತೀರಿಕೊಂಡ ಹದಿನಾರರ ಹುಡುಗ ಜಾಕ್ ಕಾರ್ನ್‌ವೆಲ್‌ನನ್ನು ಇನ್ನೊಬ್ಬ ಕಾರ್ನ್‌ವೆಲ್ ಜೊತೆ ಬೆರೆಸಲು ಆಗುವುದಿಲ್ಲ. ‘ಜೆ 42563’ ಎಂಬ ನಂಬರು ಬಿಡುವುದಿಲ್ಲ.

ಹಾಗಂತ ನೆಮ್ಮದಿಯಾಗಿ ಕೂರುವ ಹಾಗೂ ಇಲ್ಲ. ಮುತ್ತಜ್ಜನ ಪುಟದಲ್ಲಿ ‘ವಿಕ್ಟರಿ’ ಅಂತ ಕಂಡರೆ ನೆಲ್ಸನ್ನನ ಹಡಗಿನಲ್ಲಿ ಪಯಣಿಸಿದ್ದ ಅಂತ ಮನೆಮಂದಿ ಹಿಗ್ಗುತ್ತಾರೆ. ಆ ಹೊತ್ತಿಗೆ ಅದು ಪೋರ್ಟ್ಸ್‌ಮತ್ ಬಂದರಿನ ನೆಲದ ಮೇಲಿನ ಠಾಣೆಯ ಹೆಸರು. ‘ಪೆಂಬ್ರೋಕ್’ ಅಂದರೆ ಚಾಥಮ್, ‘ವಿವಿಡ್’ ಅಂದರೆ ಡೆವನ್‌ಪೋರ್ಟ್. ಹಡಗಿನ ಹೆಸರಿನಲ್ಲಿ ನಿಂತ ಕಟ್ಟಡಗಳು ಇವು. ‘ಆರ್’ ಅಂದರೆ ಓಡಿಹೋದ, ‘ಡಿ’ ಅಂದರೆ ಬಿಡುಗಡೆ, ‘ಡಿಡಿ’ ಅಂದರೆ ಸತ್ತು ಬಿಡುಗಡೆ. ಒಂದು ‘ಡಿ’ಯನ್ನು ಕಣ್ಣು ಹಾರಿಸಿದರೆ ಸತ್ತವನು ಮನೆಗೆ ಬರುತ್ತಾನೆ. ಹುಟ್ಟಿದ ದಿನಾಂಕವನ್ನೂ ಪೂರ್ತಿ ನಂಬಬೇಡಿ, ಸೇರುವ ಆಸೆಗೆ ವಯಸ್ಸು ಏರಿಸಿ ಹೇಳಿದ ಹುಡುಗರು ಬೇಕಾದಷ್ಟು.

ನಮ್ಮ ಕಡೆ ಈ ಮಟ್ಟದ ಗೊಂದಲ ಪಡುವಷ್ಟು ಹೆಸರುಗಳೇ ಇಲ್ಲ ಎನ್ನುವುದು ಬೇರೆ ಮಾತು. ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿ ಪುಲಕೇಶಿಯ ನೂರಾರು ಹಡಗುಗಳನ್ನು ಪುರಿಯ ಮೇಲೆ ನುಗ್ಗಿಸುತ್ತಾನೆ, ಮದಗಜಗಳ ಹೋಲಿಕೆ ಕೊಡುತ್ತಾನೆ. ಹುಟ್ಟು ಹಾಕಿದವನ ಹೆಸರು ಒಂದೂ ಇಲ್ಲ. ಮುಂಬೈ ಬೊರಿವಲಿಯ ಏಕ್ಸರ್ ವೀರಗಲ್ಲುಗಳಲ್ಲಿ ದೋಣಿಗಳ ಉದ್ದಕ್ಕೂ ಹುಟ್ಟುಗಳ ಸಾಲು ಕೆತ್ತಿದ್ದಾರೆ, ನೋಡಲು ಎಷ್ಟು ಚೆಂದ. ಅಲ್ಲಿಯೂ ಹುಟ್ಟು ಎಣಿಸಬಹುದು, ಆಳನ್ನು ಕರೆಯಲಾಗದು.

ಇಷ್ಟೆಲ್ಲಾ ಅಂಕಣಗಳಿದ್ದೂ ಕ್ವೀನ್ ಷಾರ್ಲೆಟ್‌ನ ಗುಮಾಸ್ತ ಒಂದನ್ನು ಬರೆಯಲಿಲ್ಲ. ವಿಲಿಯಂ ಬ್ರೌನ್ ಅವಳು ಇಟ್ಟುಕೊಂಡ ಹೆಸರು. ಹೆಣ್ಣೆಂದು ಗೊತ್ತಾದ ಮೇಲೆ ಕಾರಣ ಬರೆದ, ದಿನಾಂಕ ಬರೆದ, ಸಾಲು ಮುಚ್ಚಿದ. ನಿನ್ನ ಹೆಸರೇನಮ್ಮಾ ಅಂತ ಕೇಳಿದ್ದರೂ ಅದನ್ನು ಆ ಸಾಲಿಗೆ ಇಳಿಸಲಿಲ್ಲ.