ನಗಿಸುತ್ತಲೇ ಬೆಚ್ಚಿಬೀಳಿಸುವ ಪತ್ತೇದಾರಿ

ಕೆಂಗೇರಿಯಿಂದ ಮೆಟ್ರೊ ಹತ್ತಿದವರ ಕೈಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಇದ್ದರೆ ವಿಜಯನಗರ ಬಂದದ್ದೂ ತಿಳಿಯದು. 1985ರಲ್ಲಿ ಬಂದ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಗೆ ಇಂದಿಗೂ ಮುಪ್ಪಿಲ್ಲ.

ಮಲೆನಾಡಿನ ಕೆಸರೂರು. ವಿಜ್ಞಾನಿ ಜೋಗಿಹಾಳರ ಅನುಮಾನಾಸ್ಪದ ಸಾವು, ಕುಸಿಯುತ್ತಿರುವ ಏಲಕ್ಕಿ ಬೆಳೆ. ತನಿಖೆಗೆ ಬಂದ ಅಂಗಾಡಿಗೆ ಸುಳಿವಿಗಿಂತ ಗಾಳಿಸುದ್ದಿಯೇ ಹೆಚ್ಚು ಸಿಗುತ್ತದೆ. ಅತ್ತ ಊರಿನ ಕೃಷ್ಣೇಗೌಡರ ಮನೆಯ ಮೇಲೆ ಕಲ್ಲು ಬೀಳುತ್ತದೆ. ಇತ್ತ ಕಾಲೇಜು ಹುಡುಗರು ಕ್ರಾಂತಿಯ ಮಾತಾಡುತ್ತಾರೆ, ರಫಿ ಮತ್ತು ಜಯಂತಿ ಪ್ರೀತಿಯಲ್ಲಿ ಬೀಳುತ್ತಾರೆ.

ತೇಜಸ್ವಿ ನಗಿಸಲೆಂದು ತಮಾಷೆ ಕಟ್ಟುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಡಿಗೆ ಅತಿ ಗಂಭೀರವಾಗಿದ್ದಾರೆ. ಆ ಗಾಂಭೀರ್ಯಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ನಗು ಚಿಮ್ಮುತ್ತದೆ. ವಾಕ್ಯಗಳು ಚಿಕ್ಕವು, ಮಾತು ನೇರ.

ಕೊಲೆಗಾರ ಯಾರೆಂದು ಹುಡುಕುವ ಓದುಗನಿಗೆ ಕ್ರಮೇಣ ಇಡೀ ಊರೇ ಆರೋಪಿಯಾಗಿ ಕಾಣುತ್ತದೆ. ಜಾತಿ, ಮತದ ದ್ವೇಷ ಮತ್ತು ಕಾಡಿನ ಲೂಟಿ ಹೊತ್ತಿಸಿದ ಬೆಂಕಿ ಕೊನೆಗೆ ಯಾರನ್ನೂ ವಿಚಾರಿಸುವುದಿಲ್ಲ. ಪತ್ತೇದಾರಿ ಕಥೆಯ ಚೌಕಟ್ಟಿನಲ್ಲಿ ಒಂದು ಸಮಾಜದ ಮರಣೋತ್ತರ ಪರೀಕ್ಷೆಯನ್ನೇ ನಡೆಸಿದ ಈ ಕೃತಿಯನ್ನು ಕಾಲೇಜು ಮೆಟ್ಟಿಲು ಹತ್ತುವ ಪ್ರತಿ ಹುಡುಗ, ಹುಡುಗಿಯೂ ಓದಬೇಕು.